ಮೋಟಾರು ಓಟದ ಮಹಾಬಹುಮಾನ

ತಿಪಟೂರಿನಿಂದ ತುರುವೇಕೆರೆಗೆ ಹೋಗುವ ದಾರಿಯ ಎರಡು ಮಗ್ಗುಲಲ್ಲಿಯೂ ತೆಂಗಿನ ತೋಟಗಳು ಒತ್ತಾಗಿ ನಿಂತಿವೆ. ಕಳೆದ ಬೇಸಗೆಯ ಒಂದು ಸಾಯಂಕಾಲ ನಾವು ಆ ದಾರಿಯ ಅಂಚಿನ ಹಳ್ಳಿಯೊಂದರಲ್ಲಿ ಆಪ್ತರ ಮನೆಯ ಜಗುಲಿಯ ಮೇಲೆ ಕುಳಿತಿದ್ದೆವು. ಮನೆಯ ಯಜಮಾನರು ಎಪ್ಪತ್ತು ದಾಟಿದ ವೃದ್ಧರು. ಕೊಬ್ಬರಿಯ ಧಾರಣೆ, ಬಾವಿಯ ನೀರು, ಮಳೆಯ ಹದ ಮುಂತಾದ ಮಾತುಗಳು ನಡೆದಿರುವಾಗಲೇ ಎರಡು ಮೋಟಾರು ಸೈಕಲ್ಲುಗಳು ಒಂದನ್ನೊಂದು ಅಟ್ಟಿಕೊಂಡು ಬಂದು, ಕಣ್ಣುಮುಚ್ಚಿ ತೆರೆಯುವುದರೊಳಗಾಗಿ ತಿರುವಿನಲ್ಲಿ ಮರೆಯಾದುವು. ದಾರಿಯಲ್ಲಿದ್ದ ಕೋಳಿಗಳು ದಿಕ್ಕಾಪಾಲಾದುವು. ಒಬ್ಬ ಸವಾರನ ಹೆಲ್ಮೆಟ್ಟು ತಲೆಯ ಮೇಲಿರದೆ ಮೊಳಕೈಗೆ ಜೋತುಬಿದ್ದಿದ್ದುದನ್ನು ನಾವು ಕಂಡೆವು.

“ಮುಂದೆ ಹೋದವನು ನಮ್ಮ ಮೊಮ್ಮಗನೇ ಸ್ವಾಮಿ,” ಎಂದರು ಯಜಮಾನರು. “ಟೀವಿಯಲ್ಲಿ ಕಾರಿನ ಪಂದ್ಯ ನೋಡಿ ನೋಡಿ ಹೀಗಾಗಿದ್ದಾನೆ. ಆ ಪಂದ್ಯ ನಮ್ಮ ದೇಶದಲ್ಲಿಯೂ ಮೂರು ವರ್ಷ ನಡೆದು ನಿಂತುಹೋಯಿತಂತೆ. ಯಾಕೆ ನಿಂತಿತು ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ. ತಾವು ಬಲ್ಲಿರೇನು?”

ಆ ರಾತ್ರಿ ಊಟವಾದ ಮೇಲೆ ತಾತನಿಗೂ ಮೊಮ್ಮಗನಿಗೂ ನಾವು ಹೇಳಿದ ವೃತ್ತಾಂತವನ್ನೇ ಇಲ್ಲಿ ವಾಚಕರ ಮುಂದೆ ಇಡುತ್ತಿದ್ದೇವೆ. ಇಂತಹ ಮೊಮ್ಮಕ್ಕಳು ಅನೇಕ ಮನೆಗಳಲ್ಲಿರುವುದರಿಂದ ಈ ವಿಷಯವು ಗೃಹಸ್ಥರಿಗೆ ಅನುಪಯುಕ್ತವಾಗಲಾರದೆಂದು ನಂಬಿದ್ದೇವೆ.

ನಮ್ಮ ನಾಡಿನ ವೇಗ

ವೇಗದ ಮೋಹವು ಮೋಟಾರಿನೊಡನೆ ಪರದೇಶದಿಂದ ಬಂದುದೆಂದು ತಿಳಿಯುವುದು ಸರಿಯಲ್ಲ. ಹಳಗನ್ನಡದಲ್ಲಿ ‘ತುರು’ ಎಂದರೆ ಗೋವು. ತುರುವೇಕೆರೆಯ ಹೆಸರಿನಲ್ಲಿಯೇ ಆ ಶಬ್ದವು ಕೇಳಿಬರುತ್ತದೆ. ಈ ಸೀಮೆಯ ‘ಕಾವಲು’ಗಳು ಅಮೃತಮಹಲ್ ರಾಸುಗಳಿಗಾಗಿ ಮೀಸಲಾಗಿದ್ದ ಹುಲ್ಲುಗಾವಲುಗಳೆಂಬುದನ್ನು ಹಿರಿಯರೆಲ್ಲರೂ ಬಲ್ಲರು. ಮೈಸೂರಿನ ಸೈನ್ಯದ ತೋಪುಗಳನ್ನೂ ಸಾಮಾನುಗಳನ್ನೂ ಎಳೆಯುತ್ತಿದ್ದ ಈ ತಳಿಯ ಎತ್ತುಗಳ ಬಲದಿಂದ ಹೈದರಾಲಿಯು ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದು ಚಿದಂಬರದ ರಕ್ಷಣೆಗೆ ಹೋದನೆಂದು ಹಳೆಯ ಗೆಜೆಟಿಯರುಗಳು ಹೇಳುತ್ತವೆ. ಆ ಕಾಲಕ್ಕೆ ಅದು ಪ್ರಪಂಚವೇ ಬೆರಗಾಗುವಂತಹ ವೇಗ.

ಜಾತ್ರೆಗಳಲ್ಲಿ ನಡೆಯುವ ಎತ್ತಿನಗಾಡಿಯ ಓಟವೂ ಇದೇ ಮೋಹದ ಮತ್ತೊಂದು ರೂಪವು. 2014ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಇಂತಹ ಓಟಗಳಿಗೆ ತಡೆಯುಂಟಾಯಿತು. 2017ರಲ್ಲಿ ಕರ್ನಾಟಕದ ಶಾಸನಸಭೆಯು ಕಾಯಿದೆಯನ್ನು ತಿದ್ದಿ ಕಂಬಳಕ್ಕೂ ಎತ್ತಿನಗಾಡಿಯ ಓಟಕ್ಕೂ ನಿಬಂಧನೆಗಳೊಡನೆ ಅವಕಾಶ ಕೊಟ್ಟಿತು. 2023ರ ಮೇ 18ರಂದು ಅದೇ ನ್ಯಾಯಸ್ಥಾನವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಓಟವು ಬೇಕಾದರೆ ನಿಯಮವೂ ಬೇಕೆಂಬುದು ಇದರ ಸಾರಾಂಶ. ಮೋಟಾರಿನ ಪಂದ್ಯದ ಚರಿತ್ರೆಯೂ ಇದನ್ನೇ ಹೇಳುತ್ತದೆ.

ಪಂದ್ಯದ ಜನ್ಮ

‘ಗ್ರಾಂ ಪ್ರಿ’ ಎಂಬುದು ಫ್ರೆಂಚ್ ಮಾತು. ಮಹಾಬಹುಮಾನವೆಂದು ಅದರ ಅರ್ಥ. ಮೊದಲ ಮೋಟಾರು ಸ್ಪರ್ಧೆಗಳು ಫ್ರಾನ್ಸಿನಲ್ಲಿ ಊರಿನಿಂದ ಊರಿಗೆ, ಸಾರ್ವಜನಿಕರ ರಸ್ತೆಗಳಲ್ಲಿಯೇ ನಡೆಯುತ್ತಿದ್ದುವು. 1894ರಲ್ಲಿ ಪ್ಯಾರಿಸಿನಿಂದ ರೂವಾನ್ ಪಟ್ಟಣದವರೆಗೆ ನಡೆದುದು ಇವುಗಳಲ್ಲಿ ಪ್ರಸಿದ್ಧವಾದುದು. ರಸ್ತೆಯ ಪಕ್ಕದಲ್ಲಿ ನಿಂತ ಜನರಿಗೂ ಅಡ್ಡ ಬಂದ ದನಕರುಗಳಿಗೂ ಅಪಾಯವು ಹೆಚ್ಚುತ್ತ ಬಂದುದರಿಂದ, ಕ್ರಮೇಣ ಪಂದ್ಯಗಳನ್ನು ಕಾವಲಿಟ್ಟು ಮುಚ್ಚಿದ ವರ್ತುಲ ಮಾರ್ಗಗಳಿಗೆ ಸೇರಿಸಿದರು.

1906ರ ಜೂನ್ 26 ಮತ್ತು 27ರಂದು ಲ ಮಾನ್ ಎಂಬ ಊರಿನ ಬಳಿ ಫ್ರಾನ್ಸಿನ ಮೊದಲ ಗ್ರಾಂ ಪ್ರಿ ನಡೆಯಿತು. ಅಲ್ಲಿಯ ಒಂದು ಸುತ್ತು ಸುಮಾರು 103 ಕಿಲೋಮೀಟರು. ಎಂದರೆ ತಿಪಟೂರಿನಿಂದ ತುಮಕೂರಿಗೆ ಹೋಗಿ ಅರ್ಧ ದಾರಿ ಹಿಂತಿರುಗುವಷ್ಟು ದೂರ! ದಿನಕ್ಕೆ ಆರರಂತೆ ಹನ್ನೆರಡು ಸುತ್ತುಗಳು. ಹೊರಟ 32 ಗಾಡಿಗಳಲ್ಲಿ ಕೊನೆ ಮುಟ್ಟಿದುವು 11. ರೆನೊ ಗಾಡಿಯನ್ನು ನಡೆಸಿದ ಹಂಗೇರಿ ಮೂಲದ ಫೆರೆಂಟ್ಸ್ ಸಿಸ್ ಎಂಬಾತನು 45,000 ಫ್ರಾಂಕುಗಳ ಬಹುಮಾನವನ್ನು ಗೆದ್ದನು. ಆತನ ಜಯದ ಗುಟ್ಟು ಬರಿಯ ವೇಗದಲ್ಲಿರಲಿಲ್ಲ. ಉಳಿದವರಲ್ಲಿ ಅನೇಕರು ಒಡೆದ ಟೈರನ್ನು ಚಾಕುವಿನಿಂದ ಕೊಯ್ದು ತೆಗೆಯುತ್ತಿದ್ದಾಗ, ಈತನ ಹಿಂದಿನ ಚಕ್ರಗಳಿಗೆ ಕಳಚಿ ಹಾಕಬಹುದಾದ ಹೊಸ ಬಗೆಯ ಬಳೆಗಳಿದ್ದುವು. ಮುಂದಾಲೋಚನೆಯೇ ಗೆದ್ದಿತೆಂದು ನಾವು ಹೇಳಬೇಕು.

1950ರ ಮೇ 13ರಂದು ಇಂಗ್ಲೆಂಡಿನ ಸಿಲ್ವರ್‌ಸ್ಟನ್‌ನಲ್ಲಿ, ಯುದ್ಧಕಾಲದ ವಿಮಾನ ನಿಲ್ದಾಣವೊಂದರ ನೆಲದ ಮೇಲೆ, ವಿಶ್ವವಿಜೇತನನ್ನು ಆರಿಸುವ ಪಂದ್ಯಮಾಲೆಯು ಮೊದಲಾಯಿತು. ಇದನ್ನೇ ‘ಫಾರ್ಮುಲಾ ವನ್’ ಎನ್ನುತ್ತಾರೆ. ‘ಫಾರ್ಮುಲಾ’ ಎಂದರೆ ಎಲ್ಲ ಗಾಡಿಗಳೂ ಒಳಪಡಬೇಕಾದ ಸೂತ್ರ, ಕಟ್ಟಳೆ. ಇಷ್ಟು ವೇಗದ ಆಟದ ಹೆಸರೇ ‘ಕಟ್ಟಳೆ’ ಎಂಬುದನ್ನು ಕೇಳಿದಾಗ ಹುಡುಗನು ಮೊದಲ ಸಲ ತಲೆಯೆತ್ತಿ ನಮ್ಮನ್ನು ನೋಡಿದನು.

ಭಾರತದಲ್ಲಿ ಬೀಜ ಬಿದ್ದ ಬಗೆ

ನಮ್ಮ ದೇಶದಲ್ಲಿಯೂ 1904ರಷ್ಟು ಹಿಂದೆಯೇ ದೆಹಲಿಯಿಂದ ಮುಂಬಯಿಗೆ ಮೋಟಾರುಗಳ ಸ್ಪರ್ಧಾಯಾತ್ರೆಯೊಂದು ನಡೆಯಿತು. ಆದರೆ ನಿಜವಾದ ಪಂದ್ಯವು ಬೇರೂರಿದುದು ಸ್ವಾತಂತ್ರ್ಯಾನಂತರ, ಮದರಾಸಿನ ಉತ್ತರಕ್ಕಿರುವ ಶೋಳಾವರಂ ಎಂಬಲ್ಲಿ. ಇಲ್ಲಿಯೂ ಎರಡನೆಯ ಮಹಾಯುದ್ಧದ ಕಾಲದ ಒಂದು ವಿಮಾನದ ಓಡುದಾರಿಯೇ ರಂಗಸ್ಥಳವಾಯಿತು. 1953ರಲ್ಲಿ ಸ್ಥಾಪಿತವಾದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ಅಲ್ಲಿ ವರ್ಷವರ್ಷವೂ ಪಂದ್ಯಗಳನ್ನು ನಡೆಸಿತು. ಗೊಂಡಲ್ ಸಂಸ್ಥಾನದ ರಾಜಕುಮಾರರಂತಹ ಶ್ರೀಮಂತರು ಪರದೇಶದಿಂದ ತರಿಸಿದ ಗಾಡಿಗಳೊಡನೆ ಬಂದರೆ, ಕಾರಖಾನೆಗಳ ಕುಶಲ ಕೆಲಸಗಾರರು ಅಂಬಾಸಡರ್, ಫಿಯಟ್ ಗಾಡಿಗಳನ್ನೇ ಬಿಚ್ಚಿ ಹಗುರಮಾಡಿ ತಂದು ನಿಲ್ಲಿಸುತ್ತಿದ್ದರು. ಶ್ರೀಪೆರುಂಬುದೂರಿನ ಸಮೀಪದ ಇರುಂಗಾಟ್ಟುಕೋಟೆಯಲ್ಲಿ ಕ್ಲಬ್ಬು ತನ್ನದೇ ಆದ ಪಥವನ್ನು ಕಟ್ಟಿ 1990ರಲ್ಲಿ ತೆರೆಯಿತು.

ಕೊಯಮತ್ತೂರಿನ ಕರಿವರ್ಧನರ ಹೆಸರನ್ನು ಇಲ್ಲಿ ಗೌರವದಿಂದ ನೆನೆಯಬೇಕು. ಗಿರಣಿಗಳ ಮನೆತನಕ್ಕೆ ಸೇರಿದ ಅವರು, ಈ ಆಟವು ರಾಜರಿಗೆ ಮಾತ್ರ ಮೀಸಲಾಗಬಾರದೆಂದು, ಮಾರುತಿ 800 ಗಾಡಿಯ ಇಂಜಿನನ್ನೇ ಬಳಸಿ ಅಲ್ಪವೆಚ್ಚದ ಒಂಟಿ ಆಸನದ ಪಂದ್ಯಗಾಡಿಗಳನ್ನು ನಿರ್ಮಿಸಿದರು. 1995ರಲ್ಲಿ ಅವರು ಅಕಾಲದಲ್ಲಿ ತೀರಿಕೊಂಡರು. ಕೊಯಮತ್ತೂರಿನ ಕರಿ ಪಂದ್ಯಪಥವು ಅವರ ಸ್ಮಾರಕವಾಗಿ ನಿಂತಿದೆ. ಅವರಂತಹವರು ಹಾಕಿದ ಗೊಬ್ಬರದಿಂದಲೇ ಮುಂದಿನ ಫಲವು ಬಂದಿತು.

ಆ ಫಲವೇ ಅದೇ ಊರಿನ ನಾರಾಯಣ್ ಕಾರ್ತಿಕೇಯನ್. 1977ರಲ್ಲಿ ಜನಿಸಿದ ಇವರು 2005ರ ಮಾರ್ಚ್ 6ರಂದು ಆಸ್ಟ್ರೇಲಿಯದಲ್ಲಿ ಜೋರ್ಡನ್ ತಂಡದ ಗಾಡಿಯನ್ನೇರಿ, ಫಾರ್ಮುಲಾ ವನ್ ಪಂದ್ಯದಲ್ಲಿ ಓಡಿದ ಮೊದಲ ಭಾರತೀಯರೆನಿಸಿದರು. ಅದೇ ವರ್ಷ ಜೂನ್ 19ರಂದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಒಂದು ವಿಚಿತ್ರವು ನಡೆಯಿತು. ಮಿಶೆಲಿನ್ ಟೈರುಗಳು ಆ ಪಥಕ್ಕೆ ಸುರಕ್ಷಿತವಲ್ಲವೆಂದು ತಿಳಿದುಬಂದುದರಿಂದ 14 ಗಾಡಿಗಳು ಪಂದ್ಯಕ್ಕೆ ಮೊದಲೇ ಹಿಂದೆ ಸರಿದುವು. ಉಳಿದ ಆರರಲ್ಲಿ ಕಾರ್ತಿಕೇಯನ್ನರು ನಾಲ್ಕನೆಯವರಾಗಿ ಐದು ಅಂಕಗಳನ್ನು ಪಡೆದರು. 2010ರಲ್ಲಿ ಚೆನ್ನೈಯ ಕರುಣ್ ಚಾಂದೋಕರು ಎರಡನೆಯ ಭಾರತೀಯ ಚಾಲಕರಾದರು.

ಕನ್ನಡಿಗರಿಗೆ ಪರಿಚಿತವಾದ ಒಂದು ಹೆಸರೂ ಈ ಕಥೆಯಲ್ಲಿ ಬರುತ್ತದೆ. ಬೆಂಗಳೂರಿನ ಮದ್ಯೋದ್ಯಮಿ ವಿಜಯ್ ಮಲ್ಯರು ಯೌವನದಲ್ಲಿ ಶೋಳಾವರಂನಲ್ಲಿ ತಾವೇ ಪಂದ್ಯಗಾಡಿ ಓಡಿಸಿದವರು. 2007ರಲ್ಲಿ ಅವರು ಸಹಭಾಗಿಗಳೊಡನೆ ಒಂದು ತಂಡವನ್ನು ಕೊಂಡು, 2008ರಿಂದ ‘ಫೋರ್ಸ್ ಇಂಡಿಯಾ’ ಎಂಬ ಹೆಸರಿನಿಂದ ನಡೆಸಿದರು. 2009ರಲ್ಲಿ ಬೆಲ್ಜಿಯಂನ ಸ್ಪಾ ಪಥದಲ್ಲಿ ಆ ತಂಡದ ಫಿಸಿಕೆಲ್ಲಾ ಎರಡನೆಯ ಸ್ಥಾನ ಗಳಿಸಿದಾಗ ನಮ್ಮವರು ಹಿಗ್ಗಿದರು. ಆದರೆ ತಂಡದ ಕಾರಖಾನೆಯು ಇಂಗ್ಲೆಂಡಿನಲ್ಲಿತ್ತು; ಅದರ ಪಂದ್ಯಗಳಲ್ಲಿ ಭಾರತೀಯ ಚಾಲಕನೊಬ್ಬನೂ ಓಡಲಿಲ್ಲ. ಸಾಲದ ಮೊಕದ್ದಮೆಗಳ ನಡುವೆ 2016ರಲ್ಲಿ ಮಲ್ಯರು ದೇಶ ಬಿಟ್ಟರು. 2018ರಲ್ಲಿ ಆ ತಂಡವು ಅನ್ಯರ ಪಾಲಾಯಿತು.

ಮೂರು ವರ್ಷದ ವೈಭವ

ಇನ್ನು ಯಜಮಾನರು ಕೇಳಿದ ಪಂದ್ಯದ ವಿಷಯ. ದೆಹಲಿಗೆ ಸಮೀಪದ, ಉತ್ತರಪ್ರದೇಶಕ್ಕೆ ಸೇರಿದ ಗ್ರೇಟರ್ ನೋಯ್ಡಾದಲ್ಲಿ ಜೇಪೀ ಸಂಸ್ಥೆಯು ಸುಮಾರು 875 ಎಕರೆ ನೆಲದಲ್ಲಿ ಬುದ್ಧ ಅಂತರರಾಷ್ಟ್ರೀಯ ಪಥವನ್ನು ನಿರ್ಮಿಸಿತು. ಜರ್ಮನಿಯ ಹರ್ಮನ್ ಟಿಲ್ಕೆ ಅದರ ಶಿಲ್ಪಿ. ಒಂದು ಸುತ್ತು 5.125 ಕಿಲೋಮೀಟರು, ತಿರುವುಗಳು 16, ಪಂದ್ಯಕ್ಕೆ 60 ಸುತ್ತುಗಳು.

2011ರ ಅಕ್ಟೋಬರ್ 28ರಂದು ಅಭ್ಯಾಸವು ಮೊದಲಾದ ಕೆಲವೇ ನಿಮಿಷಗಳಲ್ಲಿ ಒಂದು ಬೀದಿನಾಯಿಯು ಪಥದೊಳಕ್ಕೆ ನುಗ್ಗಿತು. ಪ್ರಪಂಚದ ಅತಿ ವೇಗದ ಗಾಡಿಗಳು ಅದಕ್ಕೆ ದಾರಿ ಬಿಟ್ಟು ನಿಲ್ಲಬೇಕಾಯಿತು! ಅಕ್ಟೋಬರ್ 30ರಂದು ಸುಮಾರು 95 ಸಾವಿರ ಪ್ರೇಕ್ಷಕರ ಎದುರಿನಲ್ಲಿ ಪಂದ್ಯ ನಡೆದು, ಜರ್ಮನಿಯ ಸೆಬಾಸ್ಟಿಯನ್ ವೆಟೆಲ್ ಗೆದ್ದನು. ಅಂತ್ಯದ ಚೌಕುಳಿ ಬಾವುಟವನ್ನು ಬೀಸಿದವರು ಸಚಿನ್ ತೆಂಡುಲ್ಕರರು. ಕಾರ್ತಿಕೇಯನ್ನರು ತವರುನೆಲದಲ್ಲಿ 17ನೆಯವರಾಗಿ ಮುಗಿಸಿದರು. 2012ರಲ್ಲಿಯೂ 2013ರಲ್ಲಿಯೂ ವೆಟೆಲನೇ ಗೆದ್ದನು. 2013ರ ಅಕ್ಟೋಬರ್ 27ರಂದು ನಾಲ್ಕನೆಯ ಸಲ ವಿಶ್ವವಿಜೇತನಾದ ಸಂತೋಷದಲ್ಲಿ ಆತನು ಗಾಡಿಯನ್ನು ಬುಗುರಿಯಂತೆ ತಿರುಗಿಸಿ, ಇಳಿದು ನೆಲಕ್ಕೆ ತಲೆಬಾಗಿದನು. ಇದು ನಿಯಮವಿರುದ್ಧವೆಂದು ತಂಡಕ್ಕೆ 25,000 ಯೂರೋ ದಂಡ ಬಿದ್ದಿತು. ಭಾರತದ ಗ್ರಾಂ ಪ್ರಿ ಅಂದಿಗೆ ಮುಗಿಯಿತು. ಮರುವರ್ಷ ಪಂಚಾಂಗದಲ್ಲಿ ಅದಕ್ಕೆ ಸ್ಥಾನವಿರಲಿಲ್ಲ. ಆ ಮೇಲೂ ಅದು ಹಿಂತಿರುಗಲಿಲ್ಲ.

ನಿಂತುಹೋದುದೇಕೆ?

ಮೊದಲನೆಯ ತೊಡಕು ತೆರಿಗೆಯದು. ಉತ್ತರಪ್ರದೇಶದಲ್ಲಿ ಇದನ್ನು ಕ್ರೀಡೆಯೆಂದು ಎಣಿಸದೆ ಮನೋರಂಜನೆಯೆಂದು ಎಣಿಸಿದರು. ಆದುದರಿಂದ ಮನೋರಂಜನಾ ತೆರಿಗೆಯ ಪ್ರಶ್ನೆಯು ನ್ಯಾಯಸ್ಥಾನದವರೆಗೆ ಹೋಯಿತು. ತಂಡಗಳು ವಿಮಾನದಲ್ಲಿ ತಂದು ವಾರದೊಳಗೆ ಹಿಂದಕ್ಕೊಯ್ಯುವ ಇಂಜಿನು, ಟೈರುಗಳಿಗೂ ಸುಂಕದ ತಾಪತ್ರಯವುಂಟಾಯಿತು. 2017ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟು, ಪಂದ್ಯದ ಒಡೆತನವುಳ್ಳ ಪರದೇಶದ ಸಂಸ್ಥೆಗೆ ಆ ಪಥವು ಭಾರತದಲ್ಲಿಯ ಸ್ಥಿರವ್ಯವಹಾರಸ್ಥಾನವೇ ಆಗಿತ್ತೆಂದೂ, ಆದುದರಿಂದ ಇಲ್ಲಿಯ ಲಾಭಕ್ಕೆ ಇಲ್ಲಿಯೇ ತೆರಿಗೆ ಸಲ್ಲಬೇಕೆಂದೂ ತೀರ್ಪಿತ್ತಿತು. ನಮ್ಮ ಬೊಕ್ಕಸದ ದೃಷ್ಟಿಯಿಂದ ನೋಡಿದರೆ ಇದರಲ್ಲಿ ಅನ್ಯಾಯವೇನೂ ಇಲ್ಲ. ಕೊಬ್ಬರಿಯ ವರ್ತಕನು ಸೆಸ್ಸು ಕೊಡುವಾಗ ಕಾರಿನ ಪಂದ್ಯದ ಸಾಹುಕಾರನು ಏಕೆ ಕೊಡಬಾರದು?

ಎರಡನೆಯದು ಹಣದ ಲೆಕ್ಕ. ಪಂದ್ಯವನ್ನು ಕರೆತರಲು ಪ್ರತಿವರ್ಷವೂ ಅಪಾರವಾದ ಶುಲ್ಕವನ್ನು ತೆರಬೇಕು. ಮೊದಲ ವರ್ಷದ ಹೊಸತನವು ಹೋದ ಮೇಲೆ ಪ್ರೇಕ್ಷಕರು ಕಡಮೆಯಾದರು. 2012ರಲ್ಲಿ ಬಂದವರು ಸುಮಾರು 65 ಸಾವಿರ. ಅಂಗಡಿಯನ್ನು ತೆರೆದುದಾಯಿತು, ಗಿರಾಕಿಯನ್ನು ಬೆಳೆಸಲಿಲ್ಲ. ಹುಡುಗರಿಗೆ ಕಲಿಯುವ ಪಥಗಳಿಲ್ಲ, ಜಿಲ್ಲೆಗಳಲ್ಲಿ ಸಣ್ಣ ಪಂದ್ಯಗಳಿಲ್ಲ. ಒಮ್ಮೆಗೇ ಮಹಾಬಹುಮಾನವನ್ನು ತಂದು ನಿಲ್ಲಿಸಿದರೆ ಅದು ಬೇರಿಲ್ಲದ ಮರದಂತೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವೆಂದು ಆಗ ಆಕ್ಷೇಪಿಸಿದವರ ಮಾತನ್ನು ನಾವು ಪೂರ್ತಿ ಒಪ್ಪದಿದ್ದರೂ ಪೂರ್ತಿ ತಳ್ಳಿಹಾಕಲಾರೆವು.

ಮೂರನೆಯದು ನೆಲ. ಯಜಮಾನರು ಎಲ್ಲಕ್ಕಿಂತ ಹೆಚ್ಚು ಕಿವಿಗೊಟ್ಟುದು ಇದಕ್ಕೆ. 2011ರ ಮೇ ತಿಂಗಳಿನಲ್ಲಿ ಆ ಪ್ರಾಂತದ ಭಟ್ಟಾ ಪರ್ಸೌಲ್ ಗ್ರಾಮಗಳಲ್ಲಿ ಭೂಸ್ವಾಧೀನದ ಪರಿಹಾರದ ವಿಷಯವಾಗಿ ರೈತರಿಗೂ ಪೊಲೀಸಿನವರಿಗೂ ಘರ್ಷಣೆಯಾಗಿ ಎರಡು ಪಕ್ಷದಲ್ಲಿಯೂ ಜೀವಗಳು ಹೋದುವು. ಐದು ತಿಂಗಳ ತರುವಾಯ ಅದೇ ಸೀಮೆಯಲ್ಲಿ ಪಂದ್ಯದ ಉತ್ಸವವು ನಡೆಯಿತು. 2020ರಲ್ಲಿ ಅಲ್ಲಿಯ ಪ್ರಾಧಿಕಾರವು ಬಾಕಿಯ ಕಾರಣದಿಂದ ಆ ಸಂಸ್ಥೆಯ ಕ್ರೀಡಾನಗರಕ್ಕೆ ಕೊಟ್ಟಿದ್ದ 1,000 ಹೆಕ್ಟೇರ್ ಭೂಮಿಯ ಹಂಚಿಕೆಯನ್ನು ರದ್ದುಮಾಡಿತು. 2025ರಲ್ಲಿ ಅಲಹಾಬಾದಿನ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು.

ನಾವು ಸುಮ್ಮನೆ ಒಂದು ಲೆಕ್ಕ ಹಾಕಿದೆವು. ಮೂವತ್ತು ಅಡಿಗೊಂದರಂತೆ ನೆಟ್ಟರೆ ಎಕರೆಗೆ 48 ತೆಂಗಿನ ಮರಗಳು. ಪಂದ್ಯಪಥದ 875 ಎಕರೆಯಲ್ಲಿ 42,000 ಮರಗಳು. ಯಜಮಾನರು ಬಹಳ ಹೊತ್ತು ಮಾತನಾಡಲಿಲ್ಲ. “ನಲವತ್ತೆರಡು ಸಾವಿರ ಮರ,” ಎಂದು ಕೊನೆಗೆ ಒಮ್ಮೆ ಮೆಲ್ಲನೆ ಅಂದರು.

ಆಮೇಲೆ ನಡೆದುದು

ಹಾಗೆಂದು ಎಲ್ಲವೂ ಮುಗಿಯಿತೆಂದು ತಿಳಿಯಬಾರದು. 2023ರ ಫೆಬ್ರವರಿ 11ರಂದು ಹೈದರಾಬಾದಿನ ಹುಸೇನ್ ಸಾಗರದ ದಡದಲ್ಲಿ ವಿದ್ಯುತ್ ಗಾಡಿಗಳ ವಿಶ್ವಪಂದ್ಯವು ನಡೆಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬುದ್ಧ ಪಥದಲ್ಲಿ ಮೋಟಾರು ಸೈಕಲ್ಲುಗಳ ಗ್ರಾಂ ಪ್ರಿ. ಎರಡೂ ಮರುವರ್ಷ ನಡೆಯಲಿಲ್ಲ. ಆದರೆ ಬೆಂಗಳೂರಿನ ಕುಶ್ ಮೈನಿ ಎಂಬ ತರುಣನು 2025ರ ಮೇ ತಿಂಗಳಿನಲ್ಲಿ ಮೊನಾಕೋ ನಗರದ ಬೀದಿಗಳಲ್ಲಿ, ಫಾರ್ಮುಲಾ ವನ್‌ಗೆ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ ಟೂ ವರ್ಗದ ಕಿರುಪಂದ್ಯವನ್ನು ಗೆದ್ದನು. ಅಲ್ಲಿ ಆ ವರ್ಗದಲ್ಲಿ ಗೆದ್ದ ಮೊದಲ ಭಾರತೀಯನೀತನೇ. ನಮ್ಮ ನಾಡಿನ ಮಕ್ಕಳಿಗೆ ಕೈಯೂ ಎದೆಯೂ ಇಲ್ಲವೆಂದು ಯಾರೂ ಹೇಳುವಂತಿಲ್ಲ.

ಇದಕ್ಕೆ ಎದುರಾಗಿ ಮತ್ತೊಂದನ್ನೂ ಹೇಳಲೇಬೇಕು. 2023ರ ಆಗಸ್ಟ್ 5ರಂದು ಮದರಾಸಿನ ಪಥದಲ್ಲಿ, ಬೆಂಗಳೂರಿನ ಹದಿಮೂರು ವರ್ಷದ ಬಾಲಕನೊಬ್ಬನು ಮೋಟಾರು ಸೈಕಲ್ ಪಂದ್ಯದಲ್ಲಿ ಬಿದ್ದು ಪ್ರಾಣಬಿಟ್ಟನು. ಹೆಲ್ಮೆಟ್ಟಿದ್ದು, ವೈದ್ಯರಿದ್ದು, ಮುಚ್ಚಿದ ಪಥವಿದ್ದೂ ಹೀಗಾಯಿತು. ಯಾವುದೂ ಇಲ್ಲದ ತುರುವೇಕೆರೆಯ ರಸ್ತೆಯಲ್ಲಿ ಏನಾಗಬಹುದೆಂಬುದನ್ನು ಹುಡುಗನಿಗೆ ನಾವು ಬಿಡಿಸಿ ಹೇಳಲಿಲ್ಲ. ಅವನ ಅಜ್ಜಿಯು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದರು.

ಕಟ್ಟಳೆಯ ಗೆಲವು

ಪಂದ್ಯಗಾರರು ಸಾವಿನಿಂದ ಪಾಠ ಕಲಿತವರು. 1952ರಿಂದ ಫಾರ್ಮುಲಾ ವನ್‌ನಲ್ಲಿ ಹೆಲ್ಮೆಟ್ಟು ಕಡ್ಡಾಯವಾಯಿತು. 1994ರ ಮೇ 1ರಂದು ಇಟಲಿಯ ಇಮೋಲಾದಲ್ಲಿ ಬ್ರೆಜಿಲಿನ ಮಹಾಚಾಲಕ ಸೆನ್ನಾ ಮಡಿದ ಮೇಲೆ ಪಥಗಳನ್ನೂ ಗಾಡಿಗಳನ್ನೂ ಬಹುವಾಗಿ ತಿದ್ದಿದರು. 2018ರಲ್ಲಿ ಚಾಲಕನ ತಲೆಯ ಸುತ್ತ ‘ಹೇಲೋ’ ಎಂಬ ಲೋಹದ ಬಳೆಯನ್ನು ಕಡ್ಡಾಯಮಾಡಿದಾಗ, ಗಾಡಿಯ ಅಂದ ಕೆಟ್ಟಿತೆಂದು ಅನೇಕರು ಮೂದಲಿಸಿದರು. 2020ರ ನವೆಂಬರ್ 29ರಂದು ಬಹ್ರೇನಿನಲ್ಲಿ ಗ್ರೋಜಾನ್ ಎಂಬ ಚಾಲಕನ ಗಾಡಿಯು ಕಬ್ಬಿಣದ ತಡೆಯನ್ನು ಸೀಳಿಕೊಂಡು ಎರಡು ತುಂಡಾಗಿ ಉರಿದೆದ್ದಿತು. ಆತನು ಬೆಂಕಿಯೊಳಗಿಂದ ತಾನೇ ಎದ್ದು ಬಂದನು. ತಲೆಯನ್ನು ಉಳಿಸಿದುದು ಆ ಬಳೆಯೇ.

ನಮ್ಮ ರಸ್ತೆಗಳಲ್ಲಾದರೋ, ಕೇಂದ್ರ ಸರಕಾರದ ವರದಿಯ ಪ್ರಕಾರ 2022ರ ಒಂದೇ ವರ್ಷದಲ್ಲಿ 1,68,491 ಮಂದಿ ಅಪಘಾತಗಳಲ್ಲಿ ಸತ್ತರು. ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಸಾವುಗಳಿಗೆ ಅತಿವೇಗವೇ ಕಾರಣವೆಂದು ಎಣಿಸಲ್ಪಟ್ಟಿದೆ. ಪಂದ್ಯವು ನಮ್ಮ ದೇಶದಿಂದ ಹೋಯಿತೆಂದು ದುಃಖಿಸುವವರು, ಪಂದ್ಯಪಥವನ್ನು ಬಿಟ್ಟು ಊರಿನ ರಸ್ತೆಯಲ್ಲಿ ನಡೆಯುತ್ತಿರುವ ಈ ಪಂದ್ಯದ ಕಡೆಗೂ ಒಮ್ಮೆ ನೋಡಬೇಡವೇ? ಇದರಲ್ಲಿ ಬಹುಮಾನವಿಲ್ಲ, ಬಾವುಟವಿಲ್ಲ, ಸೋತವನು ಮನೆಗೆ ಬರುವುದಿಲ್ಲ.

ಹುಡುಗನು ಅಲ್ಲಿಯವರೆಗೂ ಮೌನವಾಗಿದ್ದವನು, “ಹಾಗಾದರೆ ವೇಗವಾಗಿ ಹೋಗಲೇಬಾರದೇ?” ಎಂದು ಕೇಳಿದನು. ನಾವು ಉತ್ತರ ಹೇಳುವುದಕ್ಕೆ ಮೊದಲೇ ತಾತನು ಅಟ್ಟದ ಕಡೆಗೆ ಕೈ ತೋರಿಸಿದರು. ಅಲ್ಲಿ ಕಳೆದ ವರ್ಷದ ಕಾಯಿಗಳು ಒಳಗೊಳಗೇ ನೀರಾರಿ ಉಂಡೆಕೊಬ್ಬರಿಯಾಗುತ್ತ ಮಲಗಿದ್ದುವು. “ಹೋಗು ಮಗ. ಆದರೆ ಆ ಕಾಯಿಗೆ ಒಂದು ವರ್ಷ ಬೇಕು. ಮೊದಲೇ ಒಡೆದರೆ ಕೊಬ್ಬರಿಯೂ ಇಲ್ಲ, ಕಾಯಿಯೂ ಇಲ್ಲ. ಓಡುವ ಜಾಗ, ಕಲಿಸುವವರು, ಕಟ್ಟಳೆ, ಇವು ಇರುವ ಕಡೆ ಓಡು. ದುಡ್ಡು ಹೊಂದಿಸೋಣ. ಈ ರಸ್ತೆಯಲ್ಲಿ ಬೇಡ.”

ಮರುದಿನ ಬೆಳಗ್ಗೆ ನಾವು ತಿಪಟೂರಿನ ಬಸ್ಸಿಗೆ ಕಾಯುತ್ತಿದ್ದಾಗ ಆ ಹುಡುಗನು ಹಾಲಿನ ಕ್ಯಾನನ್ನು ಕಟ್ಟಿಕೊಂಡು ಡೈರಿಯ ಕಡೆಗೆ ಹೋದನು. ಹೆಲ್ಮೆಟ್ಟು ತಲೆಯ ಮೇಲಿದ್ದಿತು. ಅದು ಎಷ್ಟು ದಿನ ಅಲ್ಲಿ ನಿಂತೀತೋ ನಾವರಿಯೆವು. ಅಂದು ಮಾತ್ರ ಇದ್ದಿತು. ಜಗುಲಿಯ ಮೇಲಿನಿಂದ ಅವನ ಅಜ್ಜಿಯು ದಾರಿಯ ತಿರುವಿನವರೆಗೂ ಅದನ್ನೇ ನೋಡುತ್ತಿದ್ದರು.